ಹೆಣ್ಮಕ್ಕಳ ಕೈಗೂ ಈಟಿ: ಹವಾಯಿ ದ್ವೀಪಗಳಲ್ಲಿ ಸ್ಪಿಯರ್‌ಫಿಶಿಂಗ್ ಕಲಿಸಲು ಸಮಗ್ರ ಮಾರ್ಗದರ್ಶಿ

ಹವಾಯಿಯ ಓಅಹು ದ್ವೀಪದ ಪಶ್ಚಿಮ ತೀರದಲ್ಲಿ ಶನಿವಾರ ಬೆಳಿಗ್ಗೆ ಸುಮ್ನೆ ನಿಂತು ನೋಡಿ. ಸ್ಪಿಯರ್‌ಫಿಶಿಂಗ್‌ಗೆ, ಅಂದರೆ ಉಸಿರು ಹಿಡಿದು ಮುಳುಗಿ ಈಟಿಯಿಂದ ಮೀನು ಹಿಡಿಯಲು ಹೋಗಿ, ಈಟಿ ಹಿಡಿದು ನೀರಿನಿಂದ ಎದ್ದು ಬರುವವರಲ್ಲಿ ಗಂಡಸರೇ ಜಾಸ್ತಿ. ಹೆಂಗಸರು ದಡದಲ್ಲಿ ಮಕ್ಕಳನ್ನು ಕಾಯುತ್ತಿರುತ್ತಾರೆ, ಆಮೇಲೆ ಮೀನು ಕ್ಲೀನ್ ಮಾಡುತ್ತಾರೆ. ಹಾಗಂತ ಅವರಿಗೆ ಕಡಲು ಕಂಡರೆ ಭಯ ಅಂದುಕೊಳ್ಳಬೇಡಿ. ಇದೇ ಹೆಂಗಸರು ದೊಡ್ಡ ಅಲೆ ಮೇಲೆ ಸರ್ಫಿಂಗ್ ಮಾಡುತ್ತಾರೆ, ಔಟ್‌ರಿಗರ್ ದೋಣಿಗೆ ಹುಟ್ಟು ಹಾಕುತ್ತಾರೆ. ಈಟಿ ಮಾತ್ರ ಅವರ ಕೈಗೆ ಬಂದಿರುವುದಿಲ್ಲ. ಅದು ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಹೋಗುತ್ತಾ ಬಂದ ವಿದ್ಯೆ.

ಮಾವಿ ದ್ವೀಪದ ಕಿಮಿ ವರ್ನರ್ 2008ರಲ್ಲಿ ಅಮೆರಿಕದ ರಾಷ್ಟ್ರೀಯ ಸ್ಪಿಯರ್‌ಫಿಶಿಂಗ್ ಚಾಂಪಿಯನ್ ಆದರು. ಅಪ್ಪ ಮನೆಯ ಊಟಕ್ಕೆ ಮೀನು ಹಿಡಿಯಲು ಹೋಗುವಾಗ ಚಿಕ್ಕ ಹುಡುಗಿಯಾಗಿ ಬೆನ್ನು ಹತ್ತಿ ಹೋದವರು ಅವರು. ಪ್ರತಿಭೆ ಇತ್ತು, ಒಪ್ಪೋಣ. ಆದರೆ ಕರೆದುಕೊಂಡು ಹೋಗುವವರು ಒಬ್ಬರು ಇದ್ದರಲ್ಲ, ಅದು ಎಷ್ಟು ಹುಡುಗಿಯರಿಗೆ ಸಿಗುತ್ತದೆ?

ಈ ಬರಹ ಹಾಗೆ ಕರೆದುಕೊಂಡು ಹೋಗಲು ತಯಾರಿರುವವರಿಗೆ. ನಿಮಗೆ ಈಗಾಗಲೇ ಉಸಿರು ಹಿಡಿದು ಮುಳುಗುವುದು ಗೊತ್ತು, ನಾಲ್ಕು ಜನ ಗೆಳತಿಯರನ್ನು ಕಡಲಿಗೆ ಇಳಿಸಬೇಕು ಅಂತಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ಹೊಸದಾಗಿ ಕಲಿಯುವವರೂ ಓದಬಹುದು, ಆದರೆ ಓದಿಕೊಂಡು ಒಬ್ಬರೇ ನೀರಿಗೆ ಇಳಿಯಬೇಡಿ. ನನ್ನ ಪಾಠದಲ್ಲಿ ಈಟಿ ಕೊನೆಗೆ ಬರುತ್ತದೆ. ಗಂಡುಮಕ್ಕಳಿಗೆ ಮೊದಲ ದಿನವೇ ಈಟಿ ಕೊಟ್ಟು ನೀರಿಗೆ ತಳ್ಳುವ ರೂಢಿ ಇದೆ. ಅದೇ ರೂಢಿಯಲ್ಲಿ ಹೆಂಗಸರನ್ನು ಕರೆದುಕೊಂಡು ಹೋದರೆ ಅರ್ಧ ಜನ ಎರಡನೇ ಸಲ ಬರುವುದಿಲ್ಲ.

ಮೊದಲಿಗೆ ಒಂದಿಷ್ಟು ಹಿನ್ನೆಲೆ

"ಇದು ಹೆಂಗಸರ ಕೆಲಸ ಅಲ್ಲ" ಅನ್ನುವ ಮಾತು ಬಂದೇ ಬರುತ್ತದೆ. ಉತ್ತರ ಇಟ್ಟುಕೊಂಡಿರಿ. ಹಳೆಯ ಹವಾಯಿಯಲ್ಲಿ ಆಳ ಸಮುದ್ರದ ಮೀನುಗಾರಿಕೆ ಗಂಡಸರದ್ದು, ದಡದ ಬಂಡೆ ಮತ್ತು ಹವಳದ ದಿಬ್ಬ ಹೆಂಗಸರದ್ದು. ಲಿಮು ಅನ್ನುವ ಕಡಲಪಾಚಿ, ಬಂಡೆಗೆ ಅಂಟಿದ ಓಪಿಹಿ ಚಿಪ್ಪು, ಬಿಲದೊಳಗಿನ ಹೇಎ ಅಂದರೆ ಆಕ್ಟೋಪಸ್, ಇವನ್ನೆಲ್ಲ ಹುಡುಕಿ ತರುತ್ತಿದ್ದವರು ಅವರೇ. ಕಾಪು ಅನ್ನುವ ನಿಷೇಧದ ಕಟ್ಟಳೆಯಲ್ಲಿ ಹೆಂಗಸರು ಹಂದಿಮಾಂಸ, ಬಾಳೆಹಣ್ಣು, ತೆಂಗಿನಕಾಯಿ ತಿನ್ನುವಂತಿರಲಿಲ್ಲ. ಕೂಮೂ, ಉಲುವಾದಂಥ ಮೀನುಗಳೂ ಅವರಿಗೆ ಇಲ್ಲ. 1819ರಲ್ಲಿ ರಾಣಿ ಕಾಅಹುಮನು ಮತ್ತು ರಾಜ ಲಿಹೊಲಿಹೊ ಹೆಂಗಸರು ಗಂಡಸರು ಒಟ್ಟಿಗೆ ಕೂತು ಉಂಡು ಆ ಕಟ್ಟಳೆ ಮುರಿದರು. ತಟ್ಟೆಗೆ ಆ ಮೀನು ಬಂತು. ಅದನ್ನು ಹಿಡಿಯುವ ಈಟಿ ಕೈಗೆ ಬರಲು ತಡವಾಯಿತು, ಅಷ್ಟೇ.

ಇನ್ನು ಕೊರಿಯಾದ ಜೇಜು ದ್ವೀಪ. ಅಲ್ಲಿನ ಹೇನ್ಯೊ ಅಂದರೆ ಉಸಿರು ಹಿಡಿದು ಮುಳುಗಿ ಚಿಪ್ಪು, ಪಾಚಿ ಹೆಕ್ಕುವ ಹೆಂಗಸರು. 2016ರಲ್ಲಿ ಯುನೆಸ್ಕೊ ಅವರ ಸಂಸ್ಕೃತಿಯನ್ನು ತನ್ನ ಪಟ್ಟಿಗೆ ಸೇರಿಸಿತು. 70 ದಾಟಿದ ಅಜ್ಜಿಯರು ಇವತ್ತಿಗೂ ಅಲ್ಲಿ ಮುಳುಗುತ್ತಾರೆ. ಅಷ್ಟು ದೂರ ಯಾಕೆ, ನಮ್ಮ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರನ್ನು ನೋಡಿದವರಿಗೆ ಈ ವಾದ ಮಾಡುವುದೇ ಬೇಡ.

ಹಂತ 1: ಕರೆಯುವುದು

ನಾಲ್ಕು ಜನರನ್ನು ಕರೆಯಿರಿ. ಮೂವರು ಬೇಡ, ಐವರು ಬೇಡ. ನೀರಿನಲ್ಲಿ ಎಲ್ಲವೂ ಜೋಡಿ ಲೆಕ್ಕದಲ್ಲಿ ನಡೆಯುತ್ತದೆ. ಬೆಸ ಸಂಖ್ಯೆ ಆದರೆ ಯಾರೋ ಒಬ್ಬರು ಒಂಟಿ ಆಗುತ್ತಾರೆ.

"ಮೀನು ಕುಕ್ಕಲು ಬಾ" ಅಂತ ಕರೆಯಬೇಡಿ. "ಮಾಸ್ಕ್ ಹಾಕಿ ಕೆಳಗೆ ಏನಿದೆ ನೋಡೋಣ ಬಾ" ಅಂತ ಕರೆಯಿರಿ. ಬಂದವರಲ್ಲಿ ಒಬ್ಬಿಬ್ಬರಿಗೆ ಕೊಲ್ಲುವುದು ಯಾವತ್ತೂ ಇಷ್ಟ ಆಗದೆ ಇರಬಹುದು. ಅವರೂ ಗುಂಪಿಗೆ ಬೇಕು.

ಮಕ್ಕಳ ವಿಷಯ ಮೊದಲೇ ಮಾತಾಡಿ. ನನ್ನ ಅನುಭವದಲ್ಲಿ ಹೆಂಗಸರನ್ನು ದಡದಲ್ಲಿ ಕೂರಿಸುವುದು ಶಾರ್ಕ್ ಅಲ್ಲ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವ ಪ್ರಶ್ನೆ. ಒಂದು ಜೋಡಿ ನೀರಿನಲ್ಲಿರುವಾಗ ಇನ್ನೊಂದು ಜೋಡಿ ದಡದಲ್ಲಿ ಎಲ್ಲರ ಮಕ್ಕಳನ್ನೂ ನೋಡಿಕೊಳ್ಳಲಿ. ಆಮೇಲೆ ಪಾಳಿ ಬದಲಾಗಲಿ. ಇದನ್ನು ಮೊದಲ ಮೆಸೇಜಿನಲ್ಲೇ ಬರೆದುಬಿಡಿ. ಬರುವವರ ಸಂಖ್ಯೆ ಕೂಡಲೇ ಜಾಸ್ತಿ ಆಗುತ್ತದೆ.

ಪ್ರತಿಯೊಬ್ಬರನ್ನೂ ಪಕ್ಕಕ್ಕೆ ಕರೆದು ಆರೋಗ್ಯದ ಬಗ್ಗೆ ಕೇಳಿ. ಎಲ್ಲರ ಎದುರು ಬೇಡ. ಅಪಸ್ಮಾರ, ಹೃದಯದ ತೊಂದರೆ, ಅಸ್ತಮಾ, ಕಿವಿಯ ಆಪರೇಷನ್, ಇವುಗಳಲ್ಲಿ ಯಾವುದಿದ್ದರೂ ಡಾಕ್ಟರ್ ಒಪ್ಪಿಗೆ ಬೇಕು. ಬಸುರಿಯರು ಉಸಿರು ಹಿಡಿದು ಮುಳುಗುವುದು ಬೇಡ, ಮೇಲೆ ತೇಲುತ್ತಾ ನೋಡುವುದಕ್ಕೂ ಡಾಕ್ಟರನ್ನು ಕೇಳಿಕೊಳ್ಳಲಿ. ನಿಲ್ಲದೆ 200 ಮೀಟರ್ ಈಜಲು ಬರದಿದ್ದರೆ ಮೊದಲು ಈಜು, ಆಮೇಲೆ ಉಳಿದದ್ದು.

ಮುಟ್ಟಿನ ದಿನಗಳಲ್ಲಿ ಶಾರ್ಕ್ ಬರುತ್ತದಾ? ಈ ಪ್ರಶ್ನೆ ಎಲ್ಲರ ಮನಸ್ಸಿನಲ್ಲಿ ಇರುತ್ತದೆ, ಯಾರೂ ಕೇಳುವುದಿಲ್ಲ. ನೀವೇ ಎತ್ತಿ. ಮುಟ್ಟಿನ ರಕ್ತಕ್ಕೆ ಶಾರ್ಕ್ ಬಂದು ದಾಳಿ ಮಾಡುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಈಟಿಗೆ ಸಿಕ್ಕು ಒದ್ದಾಡುವ ಮೀನಿಗೆ ಬರುತ್ತದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಕಪ್ ಅಥವಾ ಟ್ಯಾಂಪೂನ್ ಹಾಕಿಕೊಂಡರೆ ವೆಟ್‌ಸೂಟ್, ಅಂದರೆ ಮೈ ಬೆಚ್ಚಗಿಡುವ ರಬ್ಬರಿನ ಈಜುಡುಪಿನೊಳಗೆ ಯಾವ ರಗಳೆಯೂ ಇಲ್ಲ.

ಹಂತ 2: ಉಸಿರು

ಇದನ್ನು ನಿಧಾನವಾಗಿ ಓದಿ. ಸ್ಪಿಯರ್‌ಫಿಶಿಂಗ್‌ನಲ್ಲಿ ಶಾರ್ಕ್ ಕಚ್ಚಿ ಸಾಯುವುದು ತೀರ ಅಪರೂಪ. ಬ್ಲ್ಯಾಕ್‌ಔಟ್ ಆಗಿ, ಅಂದರೆ ನೀರಿನಲ್ಲೇ ಪ್ರಜ್ಞೆ ತಪ್ಪಿ ಮುಳುಗಿ ಸಾಯುವುದು ಜಾಸ್ತಿ. ಅದೂ ಚೆನ್ನಾಗಿ ಈಜುವವರೇ.

ನಮಗೆ ಉಸಿರು ಬೇಕು ಅನ್ನಿಸುವುದು ಮುಖ್ಯವಾಗಿ ಆಮ್ಲಜನಕ ಕಡಿಮೆ ಆಗಿ ಅಲ್ಲ, ಇಂಗಾಲದ ಡೈಆಕ್ಸೈಡ್ ಜಾಸ್ತಿ ಆಗಿ. ಮುಳುಗುವ ಮೊದಲು ಜೋರಾಗಿ, ಬೇಗಬೇಗ ಉಸಿರಾಡಿದರೆ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ. ಆಗ ಉಸಿರು ಬೇಕು ಅನ್ನುವ ಎಚ್ಚರಿಕೆ ಗಂಟೆ ತಡವಾಗಿ ಬಾರಿಸುತ್ತದೆ. ಇನ್ನೊಂದು ಕಡೆ, 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಮೇಲೆ ಬರುತ್ತಾ ಒತ್ತಡ ಅರ್ಧಕ್ಕೆ ಇಳಿಯುತ್ತದೆ, ಶ್ವಾಸಕೋಶದಲ್ಲಿ ಉಳಿದ ಆಮ್ಲಜನಕದ ಒತ್ತಡವೂ ಇಳಿಯುತ್ತದೆ. ಹಾಗಾಗಿ ಕೆಳಗೆ ಆರಾಮಾಗಿದ್ದವರು ಕೊನೆಯ ಕೆಲವು ಮೀಟರ್‌ಗಳಲ್ಲಿ ಪ್ರಜ್ಞೆ ತಪ್ಪುತ್ತಾರೆ. ಕೆಲವರು ಮೇಲೆ ಬಂದು ಒಂದೆರಡು ಉಸಿರು ಎಳೆದುಕೊಂಡ ಮೇಲೂ ತಪ್ಪುತ್ತಾರೆ.

ಯೋಗ ಮಾಡುವ ನಮ್ಮ ಹೆಂಗಸರಿಗೆ ಒಂದು ಮಾತು. ಪ್ರಾಣಾಯಾಮ ಬರುತ್ತದೆ ಅನ್ನುವುದು ಒಳ್ಳೆಯದೇ. ಆದರೆ ಮುಳುಗುವ ಮೊದಲು ಕಪಾಲಭಾತಿ, ಭಸ್ತ್ರಿಕಾ ಮಾಡಲೇಬೇಡಿ. ಮೇಲೆ ಹೇಳಿದ ಅಪಾಯವನ್ನು ಕೈಯಾರೆ ತಂದುಕೊಂಡ ಹಾಗೆ. ಹೊಟ್ಟೆಯಿಂದ ನಿಧಾನವಾಗಿ ಉಸಿರಾಡಿ, ಬಿಡುವ ಉಸಿರು ಎಳೆಯುವುದಕ್ಕಿಂತ ಉದ್ದ ಇರಲಿ, ಕೊನೆಗೆ ಒಂದು ಪೂರ್ತಿ ಉಸಿರು, ಆಮೇಲೆ ಮುಳುಗು. ಅಷ್ಟು ಸಾಕು.

ಗುಂಪಿನ ಪ್ರತಿಯೊಬ್ಬರೂ ಒಂದು ಫ್ರೀಡೈವಿಂಗ್, ಅಂದರೆ ಸಿಲಿಂಡರ್ ಇಲ್ಲದೆ ಉಸಿರು ಹಿಡಿದು ಮುಳುಗುವ ಕೋರ್ಸ್ ಮಾಡಲೇಬೇಕು. ಎಫ್‌ಐಐ, ಮೊಲ್ಚಾನೊವ್ಸ್, ಪ್ಯಾಡಿ, ಎಸ್‌ಎಸ್‌ಐ, ಈ ಕೋರ್ಸ್ ನಡೆಸುವ ಸಂಸ್ಥೆಗಳಲ್ಲಿ ಯಾವುದಾದರೂ ಸರಿ. ದುಡ್ಡು ಈಟಿಗಿಂತ ಜಾಸ್ತಿ ಆಗುತ್ತದೆ, ಆಗಲಿ. ಮೊಲ್ಚಾನೊವ್ಸ್ ಅನ್ನುವ ಹೆಸರು ರಷ್ಯಾದ ನತಾಲಿಯಾ ಮೊಲ್ಚಾನೊವಾ ಅವರಿಂದ ಬಂದದ್ದು. 40ರ ವಯಸ್ಸಿನಲ್ಲಿ ಫ್ರೀಡೈವಿಂಗ್ ಶುರು ಮಾಡಿದ ಹೆಂಗಸು. 2013ರಲ್ಲಿ 9 ನಿಮಿಷಕ್ಕೂ ಹೆಚ್ಚು ಉಸಿರು ಹಿಡಿದು ದಾಖಲೆ ಮಾಡಿದರು. "ನನಗೆ ವಯಸ್ಸಾಯ್ತು" ಅನ್ನುವವರಿಗೆ ಇವರ ಕಥೆ ಹೇಳಿ. ಕಥೆಯ ಕೊನೆಯನ್ನೂ ಹೇಳಿ: 2015ರಲ್ಲಿ ಸ್ಪೇನಿನ ಫೋರ್ಮೆಂತೆರಾ ದ್ವೀಪದ ಹತ್ತಿರ ಮುಳುಗಿದವರು ಮೇಲೆ ಬರಲಿಲ್ಲ.

ಇನ್ನು ಜೊತೆಗಾತಿಯ ನಿಯಮ. ಒಬ್ಬಳು ಕೆಳಗೆ, ಒಬ್ಬಳು ಮೇಲೆ. ಇಬ್ಬರೂ ಒಟ್ಟಿಗೆ ಕೆಳಗೆ ಯಾವತ್ತೂ ಇಲ್ಲ. ಮೇಲಿರುವವಳ ಕೆಲಸ ಹೀಗಿರುತ್ತದೆ: ಮುಖ ನೀರಿನಲ್ಲಿ, ಕಣ್ಣು ಗೆಳತಿಯ ಮೇಲೆ. ಪಕ್ಕದಲ್ಲಿ ಆಮೆ ಬಂದರೂ ತಿರುಗಿ ನೋಡುವಂತಿಲ್ಲ. ಗೆಳತಿ ಮೇಲೆ ಬರಲು ಶುರು ಮಾಡಿದಾಗ ಅವಳು ಏಳುವ ಜಾಗಕ್ಕೆ ಕೈಗೆಟುಕುವಷ್ಟು ಹತ್ತಿರ ಹೋಗಬೇಕು. ಅವಳು ತಲೆ ಎತ್ತಿ, ಬಾಯಲ್ಲಿರುವ ಸ್ನಾರ್ಕೆಲ್ ಅನ್ನುವ ಉಸಿರಾಟದ ಕೊಳವೆ ಉಗಿದು, ಉಸಿರು ಎಳೆದು, "ಓಕೆ" ಅಂತ ಕೈಸನ್ನೆ ಮಾಡುತ್ತಾಳೆ. ನಿಮ್ಮ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಇನ್ನೂ 30 ಸೆಕೆಂಡ್ ಅವಳ ಮುಖವನ್ನೇ ನೋಡುತ್ತಿರಿ. ತುಟಿ ನೀಲಿ ಆಗಿದೆಯಾ? ಕಣ್ಣು ಎಲ್ಲೋ ನೆಟ್ಟಿದೆಯಾ? ತಲೆ ತೂಗುತ್ತಿದೆಯಾ? ಹಾಗಾದರೆ ಹಿಡಿದುಕೊಳ್ಳಿ. ಬಾಯಿ ಮೂಗು ನೀರಿಗೆ ಸೋಕದ ಹಾಗೆ ಎತ್ತಿ, ಮಾಸ್ಕ್ ತೆಗೆಯಿರಿ, ಕಣ್ಣಿನ ಹತ್ತಿರ ಗಾಳಿ ಊದಿ, ಕೆನ್ನೆ ತಟ್ಟಿ, ಹೆಸರು ಹಿಡಿದು "ಉಸಿರು ತಗೋ" ಅನ್ನಿ. ತಗೊಳ್ಳದಿದ್ದರೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಟ್ಟು, ಸಹಾಯಕ್ಕೆ ಕೂಗಿ, ದಡಕ್ಕೆ ಎಳೆಯಿರಿ. ಇದನ್ನು ಈಜುಕೊಳದಲ್ಲಿ ನಾಟಕ ಆಡಿ ಆಡಿ ಕಲಿಯಬೇಕು. ನಗು ಬರುತ್ತದೆ, ಪರವಾಗಿಲ್ಲ, ನಗುತ್ತಲೇ ಕಲಿಯಲಿ.

ಕೆಳಗೆ ಇದ್ದದ್ದು 45 ಸೆಕೆಂಡ್ ಆದರೆ ಮೇಲೆ ಕನಿಷ್ಠ ಒಂದೂವರೆ ನಿಮಿಷ ವಿಶ್ರಾಂತಿ. ಎರಡು ಪಟ್ಟು ಅನ್ನುವುದು ಕನಿಷ್ಠ ಲೆಕ್ಕ. ಜಾಸ್ತಿ ಆದರೆ ಇನ್ನೂ ಒಳ್ಳೆಯದು.

ಕಿವಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೂಗು ಹಿಡಿದು ಕಿವಿ ಬಿಡಿಸಿಕೊಳ್ಳುವುದನ್ನು ಮನೆಯಲ್ಲಿ ಕನ್ನಡಿ ಮುಂದೆ ಅಭ್ಯಾಸ ಮಾಡಿ. ನೀರಿನಲ್ಲಿ ನೋವು ಬರುವ ಮೊದಲೇ, ಮೀಟರಿಗೊಮ್ಮೆ ಬಿಡಿಸಿಕೊಳ್ಳಿ. ಬಿಡದಿದ್ದರೆ ಮೇಲೆ ಬನ್ನಿ. ನೆಗಡಿ ಇದ್ದ ದಿನ ನೀರಿಗೆ ಇಳಿಯಬೇಡಿ.

ಹಂತ 3: ಸಾಮಾನು

ಅಂಗಡಿಗೆ ಹೋದರೆ ಮೊದಲು ಉದ್ದನೆಯ ಕಾರ್ಬನ್ ಫಿನ್ಸ್, ಅಂದರೆ ಈಜಲು ಕಾಲಿಗೆ ಹಾಕುವ ರೆಕ್ಕೆ ತೋರಿಸುತ್ತಾರೆ. ಬೇಡ. ಪ್ಲಾಸ್ಟಿಕ್‌ನ ಮೆತ್ತನೆಯ ಉದ್ದ ಫಿನ್ಸ್ ಸಾಕು. ಕಾಲಿಗೆ ಸರಿಯಾಗಿ ಕೂತಿರುವುದು ಮುಖ್ಯ. ಚಿಕ್ಕ ಪಾದದ ಹೆಂಗಸರಿಗೆ ಗಂಡಸರ ಅಳತೆಯ ಫಿನ್ಸ್ ಕೊಟ್ಟು ಎರಡು ಜೊತೆ ಸಾಕ್ಸ್ ಹಾಕಿಸುವುದು ಇಲ್ಲಿ ನಡೆಯುತ್ತಲೇ ಇರುತ್ತದೆ. ಸ್ನಾಯು ಹಿಡಿದುಕೊಳ್ಳುವುದು ಅಲ್ಲಿಂದಲೇ ಶುರು.

ಒಳಗೆ ಗಾಳಿ ಕಡಿಮೆ ಹಿಡಿಯುವ ಚಿಕ್ಕ ಮಾಸ್ಕ್ ಇರಲಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಗಾಳಿ ಎಳೆದುಕೊಳ್ಳಿ. ಕೈ ಬಿಟ್ಟರೂ ನಿಂತರೆ ಅದು ನಿಮ್ಮ ಮಾಸ್ಕ್. ಒಂದೇ ಒಂದು ಕೂದಲು ಅಂಚಿಗೆ ಸಿಕ್ಕರೂ ನೀರು ಬರುತ್ತದೆ. ಉದ್ದ ಕೂದಲಿದ್ದರೆ ಬಿಗಿಯಾಗಿ ಎರಡು ಜಡೆ ಹೆಣೆದು ಮೇಲೆ ಹುಡ್ ಹಾಕಿ. ಹೆಣೆಯುವ ಮೊದಲು ತುದಿಗೆ ಚೂರು ತೆಂಗಿನೆಣ್ಣೆ ಹಚ್ಚಿದರೆ ಸಿಕ್ಕಾಗುವುದಿಲ್ಲ. ಆದರೆ ಎಣ್ಣೆ ಕೈಯಲ್ಲಿ ಮಾಸ್ಕ್ ಮುಟ್ಟಬೇಡಿ.

ಹವಾಯಿಯ ನೀರು ವರ್ಷವಿಡೀ ಸುಮಾರು 24ರಿಂದ 27 ಡಿಗ್ರಿ. ಬೆಚ್ಚಗಿದೆ ಅನ್ನಿಸಿದರೂ ಎರಡು ಗಂಟೆ ಕಳೆದರೆ ನಡುಗುತ್ತೀರಿ. 2 ಅಥವಾ 3 ಮಿಲಿಮೀಟರ್ ವೆಟ್‌ಸೂಟ್ ಬೇಕು. ಎರಡು ತುಂಡಿನದು ಹೆಂಗಸರಿಗೆ ಒಳ್ಳೆಯದು. ಎದೆಗೆ ಒಂದು ಅಳತೆ, ಸೊಂಟಕ್ಕೆ ಇನ್ನೊಂದು ಅಳತೆ ತಗೊಳ್ಳಬಹುದು, ಮೂತ್ರಕ್ಕೆ ಹೋಗಲೂ ಸುಲಭ.

ಸೊಂಟಕ್ಕೆ ರಬ್ಬರ್ ಬೆಲ್ಟ್, ಒಂದೇ ಕೈಯಲ್ಲಿ ಬಿಚ್ಚುವ ಬಕಲ್, ಸೀಸದ ತೂಕ. ಎಷ್ಟು ತೂಕ? ನೀರಿನಲ್ಲಿ ನೆಟ್ಟಗೆ, ಕೈಕಾಲು ಆಡಿಸದೆ ನಿಂತು ಸಾಧಾರಣವಾಗಿ ಉಸಿರು ಬಿಡಿ. ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು. ಮುಳುಗುತ್ತಾ ಹೋದರೆ ತೂಕ ಜಾಸ್ತಿ, ಒಂದು ತೆಗೆಯಿರಿ. ಪ್ರಜ್ಞೆ ತಪ್ಪಿದವರು ತೇಲಬೇಕು, ಅದಕ್ಕಾಗಿ ಈ ಲೆಕ್ಕ.

ಇದರ ಜೊತೆಗೆ ತೇಲುವ ಬೋಯ್, ಅದರ ಮೇಲೆ ಕೆಂಪು ಬಟ್ಟೆಗೆ ಬಿಳಿ ಓರೆ ಪಟ್ಟೆಯ ಡೈವ್ ಬಾವುಟ. ಬಾವುಟ ಇಲ್ಲಿ ಕಾನೂನು. ದೋಣಿಗಳ ಪ್ರೊಪೆಲ್ಲರ್ ನಿಮ್ಮನ್ನು ನೋಡುವುದಿಲ್ಲ. ಒಂದು ಚಾಕು, ಕೈಗವಸು, ಬಂಡೆ ಮೇಲೆ ನಡೆಯಲು ಫೆಲ್ಟ್ ಅಡಿಯ ಟಾಬಿ ಶೂ.

ಈಟಿ? ಶುರುವಿಗೆ ಸ್ಪಿಯರ್‌ಗನ್ ಬೇಡ. ಇಲ್ಲಿ ಎಲ್ಲರೂ ತ್ರೀ-ಪ್ರಾಂಗ್ ಅನ್ನುವ, ತುದಿಯಲ್ಲಿ ಮೂರು ಮುಳ್ಳು, ಹಿಂದೆ ಒಂದು ರಬ್ಬರ್ ಕುಣಿಕೆ ಇರುವ ಉದ್ದ ಕೋಲಿನಿಂದಲೇ ಕಲಿಯುತ್ತಾರೆ. ಆರೇಳು ಅಡಿ ಉದ್ದ ಇರಲಿ. ಬೆಲೆ ಕಡಿಮೆ, ಕೆಡುವ ಭಾಗ ಇಲ್ಲ, ಟ್ರಿಗರ್ ಇಲ್ಲ. ಗನ್‌ನ ರಬ್ಬರ್ ಎಳೆದು ಲೋಡ್ ಮಾಡಲು ತೋಳು ಉದ್ದ ಬೇಕು, ಎದೆಗೆ ಒತ್ತಿ ಹಿಡಿಯಬೇಕು, ಹೆಂಗಸರಿಗೆ ಅದು ನೋವು. ಮುಂದೆ ಗನ್ ಬೇಕೆನಿಸಿದಾಗ 75 ಸೆಂಟಿಮೀಟರಿನ ಚಿಕ್ಕದನ್ನು ತಗೊಂಡು, ಸೊಂಟಕ್ಕೆ ಇಟ್ಟು ಲೋಡ್ ಮಾಡುವುದನ್ನು ಕಲಿಯಬಹುದು.

ಹಂತ 4: ಬರಿಗೈಯಲ್ಲಿ ಕಡಲು

ಮೊದಲ ಕೆಲವು ಸಲ ಈಟಿ ಕಾರಿನಲ್ಲೇ ಇರಲಿ. ಗುಂಪಿನಲ್ಲಿ ಗೊಣಗುವವರು ಇರುತ್ತಾರೆ. ಗೊಣಗಲಿ.

ಎಲ್ಲಿಗೆ ಹೋಗಬೇಕು ಅನ್ನುವುದನ್ನು ಅಲೆ ತೀರ್ಮಾನ ಮಾಡುತ್ತದೆ. ಓಅಹು ದ್ವೀಪದ ಉತ್ತರ ತೀರದಲ್ಲಿ ಚಳಿಗಾಲದಲ್ಲಿ ಮನೆ ಎತ್ತರದ ಅಲೆ ಬರುತ್ತದೆ, ಬೇಸಿಗೆಯಲ್ಲಿ ಅದೇ ಜಾಗ ಕೆರೆಯಂತೆ ಇರುತ್ತದೆ. ದಕ್ಷಿಣ ತೀರಕ್ಕೆ ಬೇಸಿಗೆಯಲ್ಲಿ ಅಲೆ ಜಾಸ್ತಿ. ಇಲ್ಲಿನ ವಾಡಿಕೆಯ ಗಾಳಿ ಈಶಾನ್ಯದಿಂದ ಬೀಸುತ್ತದೆ, ಹಾಗಾಗಿ ಪಶ್ಚಿಮ ತೀರ ಬೆಳಗಿನ ಹೊತ್ತು ಶಾಂತ. ಮಳೆ ಬಂದು ಹೊಳೆಯ ಕೆಂಪು ನೀರು ಕಡಲಿಗೆ ಸೇರಿದ ದಿನ ಯಾವ ತೀರವೂ ಬೇಡ, ಕಾಯಿಲೆಗೂ ಶಾರ್ಕಿಗೂ ಎರಡಕ್ಕೂ ಅದೇ ಜಾಗ. ಹುಣ್ಣಿಮೆ ಕಳೆದು 8ರಿಂದ 10 ದಿನಕ್ಕೆ ವೈಕೀಕಿ ಕಡೆಯ ತೀರಗಳಿಗೆ ಬಾಕ್ಸ್ ಜೆಲ್ಲಿಮೀನು ಬರುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಹೊರಡುವಾಗ ಇನ್ನೊಂದು ಸ್ಥಳೀಯ ಪದ್ಧತಿ. ಮೀನು ಹಿಡಿಯಲು ಹೋಗುತ್ತೇವೆ ಅಂತ ಹೇಳಬಾರದು. ಮೀನಿಗೆ ಕೇಳಿಸುತ್ತದಂತೆ. "ಹೊಲೊಹೊಲೊ ಹೋಗ್ತೀವಿ" ಅನ್ನಬೇಕು, ಅಂದರೆ ಸುಮ್ಮನೆ ಸುತ್ತಾಡಲು. ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು ಅನ್ನುವ ಮನೆಯಲ್ಲಿ ಬೆಳೆದ ನಮಗೆ ಇದು ಬೇಗ ಒಗ್ಗುತ್ತದೆ. ಆದರೆ ಹೋಗುವ ಜಾಗ, ವಾಪಸ್ ಬರುವ ಹೊತ್ತು ದಡದ ಒಬ್ಬರಿಗಾದರೂ ಗೊತ್ತಿರಲಿ. ಮೀನಿಗೆ ಕೇಳಿಸಿದರೆ ಕೇಳಿಸಲಿ.

ನೀರಿನಲ್ಲಿ ಮೊದಲ ಪಾಠ ಏನೂ ಮಾಡದಿರುವುದು. ಒಗೆಯಲು ಹಾಕಿದ ಸೀರೆ ಹೊಳೆಯಲ್ಲಿ ತೇಲುವಂತೆ ಮೈ ಸಡಿಲ ಬಿಟ್ಟು, ಮುಖ ಕೆಳಗೆ ಮಾಡಿ ತೇಲಿ. ಐದು ನಿಮಿಷ ಹಾಗೇ ಇದ್ದರೆ ಓಡಿಹೋದ ಮೀನುಗಳು ಒಂದೊಂದಾಗಿ ವಾಪಸ್ ಬರುತ್ತವೆ. ಕಪ್ಪು ಗೆರೆಯ ಮನಿನಿ ಗುಂಪಾಗಿ ಪಾಚಿ ಮೇಯುತ್ತದೆ. ಉಹು ಅನ್ನುವ ಗಿಳಿಮೀನು ಬಂಡೆ ಕಚ್ಚುವ ಶಬ್ದ ನೀರಿನಲ್ಲಿ ಕಟಕಟ ಅಂತ ಕೇಳಿಸುತ್ತದೆ. ಬಂಡೆಯ ಕೆಳಗಿನ ಕತ್ತಲಲ್ಲಿ ದೊಡ್ಡ ಕಣ್ಣಿನ ಕೆಂಪು ಮೆನ್ಪಾಚಿ ಹಿಂಡು ನಿಂತಿರುತ್ತದೆ.

ಆಮೇಲೆ 3 ಮೀಟರ್, 5 ಮೀಟರ್. ಕೆಳಗೆ ಹೋಗಿ, ಮರಳಿನ ಮೇಲೆ ಮಲಗಿ, ಮೇಲೆ ಬನ್ನಿ. ಪ್ರತಿ ದಿನ ದಡಕ್ಕೆ ಬಂದ ಮೇಲೆ ಒಬ್ಬೊಬ್ಬರೂ ಕಂಡ ಮೀನಿನ ಹೆಸರು ಹೇಳಬೇಕು. ಹೆಸರು ಗೊತ್ತಿಲ್ಲದ ಮೀನಿಗೆ ಈಟಿ ಇಲ್ಲ, ಇದು ನಮ್ಮ ಗುಂಪಿನ ಕಟ್ಟುನಿಟ್ಟಿನ ನಿಯಮ.

ಹೆಂಗಸರು ಈ ಹಂತದಲ್ಲಿ ತುಂಬಾ ಚೆನ್ನಾಗಿ ಕಲಿಯುತ್ತಾರೆ ಅಂತ ನನಗನ್ನಿಸಿದೆ. ಅವಸರ ಕಡಿಮೆ, ಯಾರಿಗೂ ಏನನ್ನೂ ತೋರಿಸಬೇಕಾಗಿಲ್ಲ. ಬೇಟೆಗೆ ಬೇಕಾದದ್ದು ಅದೇ ಅಲ್ವಾ.

ಹಂತ 5: ಕಾನೂನು

ರಾಜ್ಯದ ಡಿಎಲ್‌ಎನ್‌ಆರ್, ಅಂದರೆ ಭೂಮಿ ಮತ್ತು ನೈಸರ್ಗಿಕ ಸಂಪನ್ಮೂಲ ಇಲಾಖೆಯ ಜಲಸಂಪನ್ಮೂಲ ವಿಭಾಗ ಮೀನಿನ ಅಳತೆ, ಸಂಖ್ಯೆ, ಹಂಗಾಮುಗಳ ಪಟ್ಟಿ ಕೊಡುತ್ತದೆ. ನಿಯಮ ಬದಲಾಗುತ್ತಲೇ ಇರುತ್ತದೆ. ಹಳೆಯ ಪುಸ್ತಿಕೆ, ಮಾವ ಹೇಳಿದ ಲೆಕ್ಕ ಎರಡನ್ನೂ ನಂಬಬೇಡಿ. ಪ್ರತಿ ಹಂಗಾಮಿನಲ್ಲೂ ಅವರ ವೆಬ್‌ಸೈಟ್ ನೋಡಿ. ದ್ವೀಪದಿಂದ ದ್ವೀಪಕ್ಕೂ ಬೇರೆ ಬೇರೆ.

ಕೆಲವು ಮಾತ್ರ ತಲೆಯಲ್ಲೇ ಇರಬೇಕು. ಹನೌಮಾ ಕೊಲ್ಲಿ 1967ರಿಂದ ಸಂರಕ್ಷಿತ ಪ್ರದೇಶ, ಅಲ್ಲಿ ನೋಡಬಹುದು, ಹಿಡಿಯುವಂತಿಲ್ಲ. ಮಾವಿಯ ಕಾಹೆಕಿಲಿಯಲ್ಲಿ 2009ರಿಂದ ಪಾಚಿ ಮೇಯುವ ಮೀನುಗಳನ್ನು ಮುಟ್ಟುವಂತಿಲ್ಲ, ಹವಳದ ಮೇಲೆ ಪಾಚಿ ಮುಚ್ಚದಂತೆ ನೋಡಿಕೊಳ್ಳುವುದು ಅವೇ. ಸಿಂಗಡಿ ಜಾತಿಯ ಉಲಾ, ಅಂದರೆ ಮುಳ್ಳು ಲಾಬ್‌ಸ್ಟರನ್ನು ಈಟಿಯಿಂದ ಕುಕ್ಕುವಂತಿಲ್ಲ. ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂಗಿಂತ ಚಿಕ್ಕ ಆಕ್ಟೋಪಸ್ ಬಿಟ್ಟುಬಿಡಿ. ಮೋಯಿ ಮೀನಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ರಜೆ. ಆಮೆ, ಮಾಂಕ್ ಸೀಲ್ ಹತ್ತಿರವೂ ಹೋಗಬೇಡಿ. ಹಿಡಿದ ಮೀನು ಮಾರಬೇಕಾದರೆ ವಾಣಿಜ್ಯ ಲೈಸೆನ್ಸ್ ಬೇಕು, ಪಕ್ಕದ ಮನೆಗೆ ಕೊಡಲು ಬೇಡ.

ಊರಿನಲ್ಲಿ ಕೂತು ಓದುವವರಿಗೆ: ಇಲ್ಲಿನ ಕಾನೂನು ಅಲ್ಲಿಗೆ ಹೊಂದುವುದಿಲ್ಲ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವವರು ಕಣ್ಣು ಮತ್ತು ಕ್ಯಾಮೆರಾ ಮಾತ್ರ ಒಯ್ಯಿರಿ. ಅಲ್ಲಿ ಹವಳವನ್ನೂ ವನ್ಯಜೀವಿ ಕಾಯ್ದೆ ಕಾಯುತ್ತದೆ.

ಹಂತ 6: ಈಟಿ ಕೈಗೆ

ಹೊರಗೆ, ದಡದಲ್ಲಿ ಈಟಿ ಎಳೆದು ಹಿಡಿಯಬಾರದು. ಯಾವತ್ತೂ. ಮುಳ್ಳಿನ ಕಡೆ ಯಾರೂ ನಿಲ್ಲಬಾರದು. ನೀರಿನಿಂದ ಬರುವಾಗ ಮುಳ್ಳಿಗೆ ರಬ್ಬರ್ ಮುಚ್ಚಳ.

ಸೊಂಟದ ಆಳದ ಮರಳಿನ ಜಾಗದಲ್ಲಿ ಅಭ್ಯಾಸ. ಗುರಿಗೆ ಹಳೆಯ ಸ್ಪಂಜಿಗೆ ಕಲ್ಲು ಕಟ್ಟಿ ಮುಳುಗಿಸಿ. ರಬ್ಬರ್ ಕುಣಿಕೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಸಂದಿಗೆ ಹಾಕಿ. ಅದೇ ಕೈಯನ್ನು ಕೋಲಿನ ಮೇಲೆ ಮುಂದೆ ಮುಂದೆ ಒಯ್ಯಿರಿ, ರಬ್ಬರ್ ಬಿಗಿಯಾಗುತ್ತದೆ. ಸಾಕೆನಿಸಿದಲ್ಲಿ ಕೋಲನ್ನು ಬಿಗಿಯಾಗಿ ಹಿಡಿಯಿರಿ. ಈಗ ತೋಳು ನೆಟ್ಟಗೆ ಚಾಚಿ. ಮುಷ್ಟಿ ಸಡಿಲ ಮಾಡಿದರೆ ಈಟಿ ಹಾರುತ್ತದೆ. ಎಸೆಯುವುದು ಇಲ್ಲ, ಚುಚ್ಚುವುದು ಇಲ್ಲ, ಬಿಡುವುದು ಮಾತ್ರ. ಹೊಸಬರು ಬಿಡುವಾಗ ಕೈಯನ್ನು ಮುಂದಕ್ಕೆ ತಳ್ಳುತ್ತಾರೆ, ಗುರಿ ತಪ್ಪುವುದು ಅಲ್ಲೇ. ಮುಷ್ಟಿ ಹಿಡಿದು ಹಿಡಿದು ಮುಂಗೈ ಸೋಲುತ್ತದೆ. ಹಾಗಾಗಿ ಮೀನಿನ ಹತ್ತಿರ ಹೋಗುವ ತನಕ ರಬ್ಬರ್ ಎಳೆಯಬೇಡಿ.

ತುದಿಯಿಂದ ಗುರಿ ಒಂದು ಮೀಟರಿನ ಒಳಗೆ ಇರಬೇಕು. ಅದಕ್ಕಿಂತ ದೂರ ಇದ್ದರೆ ಬಿಡಬೇಡಿ, ಮೀನಿಗೆ ಗಾಯ ಆಗಿ ಬಿಲ ಸೇರಿ ಸಾಯುತ್ತದೆ, ಯಾರಿಗೂ ಸಿಗುವುದಿಲ್ಲ. ಹಿಂದೆ ಹವಳ ಇದ್ದರೂ ಬಿಡಬೇಡಿ.

ಹಂತ 7: ಮೊದಲ ಮೀನು

ಮೊದಲ ಮೀನು ತಾಅಪೆ ಆಗಲಿ. ಹಳದಿ ಮೈ, ನಾಲ್ಕು ನೀಲಿ ಗೆರೆ, ಅಂಗೈ ಉದ್ದದಿಂದ ಒಂದಡಿವರೆಗೆ ಬೆಳೆಯುತ್ತದೆ. ಇದು ಹವಾಯಿಯ ಮೀನಲ್ಲ. 1950ರ ದಶಕದಲ್ಲಿ ಸರಕಾರವೇ ಮೀನುಗಾರಿಕೆ ಬೆಳೆಯಲಿ ಅಂತ ಫ್ರೆಂಚ್ ಪಾಲಿನೇಶಿಯಾದಿಂದ ತಂದು ಬಿಟ್ಟದ್ದು. ಈಗ ಎಲ್ಲ ದ್ವೀಪಗಳಲ್ಲೂ ಹಿಂಡು ಹಿಂಡಾಗಿ ಇದೆ. ಇದೇ ಮೀನು ಲಕ್ಷದ್ವೀಪದ ಹವಳದಲ್ಲಿ ಮೂಲನಿವಾಸಿ, ಅಲ್ಲಿ ಅದರ ಮೇಲೆ ಯಾರಿಗೂ ದೂರಿಲ್ಲ. ಇಲ್ಲಿ ಹಿಡಿದಷ್ಟೂ ಒಳ್ಳೆಯದು. ಹೊಸಬಳಿಗೆ "ನಾನು ಕೊಂದೆ" ಅನ್ನುವ ಅಳುಕು ಇದ್ದರೆ ಈ ವಿಷಯ ಸ್ವಲ್ಪ ಸಮಾಧಾನ ಕೊಡುತ್ತದೆ.

ಬೆನ್ನಟ್ಟಬೇಡಿ, ಮೀನು ನಿಮಗಿಂತ ವೇಗ. ಬಂಡೆಯ ಪಕ್ಕಕ್ಕೆ ಇಳಿದು ಮಲಗಿ. ಮೀನನ್ನು ನೇರವಾಗಿ ನೋಡಬೇಡಿ, ಕಣ್ಣು ಬೇರೆ ಕಡೆ ಇರಲಿ. ಕುತೂಹಲಕ್ಕೆ ಹಿಂಡೇ ಹತ್ತಿರ ಬರುತ್ತದೆ. ಹಿಂಡಿಗೆ ಗುರಿ ಇಟ್ಟರೆ ಒಂದೂ ಸಿಗುವುದಿಲ್ಲ, ಒಂದನ್ನು ಆರಿಸಿ. ಅಡ್ಡ ತಿರುಗಿದಾಗ ಕಿವಿರಿನ ಹಿಂದಕ್ಕೆ, ಸ್ವಲ್ಪ ಮೇಲಕ್ಕೆ. ಉಸಿರು ಬೇಕು ಅನ್ನಿಸಿದರೆ ಮೀನು ಮೂಗಿನ ಮುಂದೆ ಇದ್ದರೂ ಮೇಲೆ ಬನ್ನಿ. ಜೇಜು ದ್ವೀಪದ ಹೆಂಗಸರು ಹೊಸಬರಿಗೆ ಹೇಳಿಕೊಡುವ ಬುದ್ಧಿಮಾತೂ ಇದೇ, ಇನ್ನೊಂದು ಚಿಪ್ಪಿನ ಆಸೆಗೆ ಉಸಿರು ಮೀರಬೇಡ ಅಂತ.

ತಗುಲಿದ ಕೂಡಲೇ ಮೀನನ್ನು ಗಟ್ಟಿಯಾಗಿ ಹಿಡಿದು, ಕಣ್ಣಿನ ಹಿಂದೆ ಮೇಲ್ಭಾಗದಲ್ಲಿ ಚಾಕುವಿನ ತುದಿ ಇಳಿಸಿ. ಮೈ ಒಮ್ಮೆ ಸೆಟೆದು ಸಡಿಲ ಆಗುತ್ತದೆ. ನೋವು ಕಡಿಮೆ, ಮಾಂಸದ ರುಚಿಯೂ ಉಳಿಯುತ್ತದೆ, ಒದ್ದಾಟ ನಿಂತರೆ ಶಾರ್ಕ್‌ಗೆ ಸುದ್ದಿಯೂ ಹೋಗುವುದಿಲ್ಲ. ಕೆಲವರ ಕೈ ಈ ಕೆಲಸಕ್ಕೆ ಏಳುವುದಿಲ್ಲ. ಮೊದಲ ಸಲ ನೀವು ಮಾಡಿ ತೋರಿಸಿ, ಎರಡನೇ ಸಲ ಅವಳೇ ಮಾಡಲಿ. ಅದಾಗದಿದ್ದರೆ ಅವಳಿಗೆ ಈಟಿ ಬೇಡ, ಹಂತ 9 ಅವಳಿಗಾಗಿಯೇ ಇದೆ.

ಮೀನನ್ನು ಸೊಂಟಕ್ಕೆ ಕಟ್ಟಿಕೊಳ್ಳಬೇಡಿ. ಕುಯಿ ಅನ್ನುವ ತಂತಿಗೆ ಪೋಣಿಸಿ ಬೋಯ್ ಹತ್ತಿರ, ನಿಮ್ಮಿಂದ 10-15 ಮೀಟರ್ ದೂರದಲ್ಲಿ ಇರಲಿ. ಶಾರ್ಕ್ ಬಂದರೆ ಅದರ ಕಡೆ ಮುಖ ಮಾಡಿ, ಜೊತೆಗಾತಿ ಬೆನ್ನಿಗೆ ಬರಲಿ, ಇಬ್ಬರೂ ಕಣ್ಣು ತೆಗೆಯದೆ ನಿಧಾನವಾಗಿ ದಡದ ಕಡೆ ಹೋಗಿ. ಮೀನಿಗೆ ಬಾಯಿ ಹಾಕಿದರೆ ಬಿಟ್ಟುಕೊಡಿ. ಎಷ್ಟು ದೊಡ್ಡ ಮೀನಾದರೂ.

ಹಂತ 8: ಅಡುಗೆಮನೆ

ಬಂದ ತಕ್ಷಣ ಐಸ್. ಕಾರಿನ ಹಿಂಬಾಗಿಲು ತೆರೆದು ಅಲ್ಲೇ ಹೊಟ್ಟೆ ಸೀಳಿ ಕ್ಲೀನ್ ಮಾಡುವುದನ್ನು ಎಲ್ಲರೂ ಕಲಿಯಲಿ. ತಾಅಪೆಗೆ ಎರಡೂ ಕಡೆ ಗೀರು ಹಾಕಿ, ಮೆಣಸಿನಪುಡಿ, ಅರಿಶಿನ, ಹುಣಸೆ, ಉಪ್ಪಿನ ಮಸಾಲೆ ಸವರಿ, ರವೆ ಹೊರಳಿಸಿ ತವಾದಲ್ಲಿ ಹುರಿದರೆ ಮಂಗಳೂರಿನವರೂ ತಕರಾರು ಮಾಡುವುದಿಲ್ಲ.

ಒಂದು ಎಚ್ಚರಿಕೆ. ರೋಯಿ ಅನ್ನುವ ಕಪ್ಪು ಮೈಗೆ ನೀಲಿ ಚುಕ್ಕಿಯ ಮೀನು ಇದೆ. 1956ರಲ್ಲಿ ಇದನ್ನೂ ಹೊರಗಿನಿಂದ ತಂದರು. ಸ್ಥಳೀಯ ಮೀನು ಮರಿಗಳನ್ನು ನುಂಗುತ್ತದೆ, ಹಾಗಾಗಿ ಇದನ್ನು ಹಿಡಿಯುವ ಸ್ಪರ್ಧೆಗಳೇ ನಡೆಯುತ್ತವೆ. ಹಿಡಿಯಿರಿ, ಆದರೆ ತಿನ್ನಬೇಡಿ. ಸಿಗ್ವಟೆರಾ ಅನ್ನುವ ವಿಷ ಇದರಲ್ಲಿ ಇರಬಹುದು. ಹವಳದ ಮೇಲಿನ ಸೂಕ್ಷ್ಮಪಾಚಿಯಿಂದ ಚಿಕ್ಕ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ ಸೇರುವ ವಿಷ ಇದು. ಬೇಯಿಸಿದರೂ ಹೋಗುವುದಿಲ್ಲ, ಫ್ರೀಜ್ ಮಾಡಿದರೂ ಹೋಗುವುದಿಲ್ಲ, ವಾಸನೆಯಲ್ಲೂ ಗೊತ್ತಾಗುವುದಿಲ್ಲ. ವಾಂತಿ ಭೇದಿ ಆಗಿ, ತುಟಿ ಬೆರಳು ಜುಮುಗುಟ್ಟಿ, ತಣ್ಣೀರು ಮುಟ್ಟಿದರೆ ಸುಟ್ಟಂತೆ ಅನ್ನಿಸಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಮೊದಲ ಮೀನನ್ನು ಹಿರಿಯರಿಗೆ ಕೊಡುವುದು ಇಲ್ಲಿ ಅನೇಕ ಮನೆಗಳ ಪದ್ಧತಿ. ಪಾಲಿಸಿ. ಬೀದಿಯ ಅಜ್ಜಿಗೆ ಒಂದು ಮೀನು ಹೋದರೆ ಗುಂಪಿನ ಬಗ್ಗೆ ಎದ್ದ ಗುಸುಗುಸು ಅರ್ಧ ನಿಲ್ಲುತ್ತದೆ.

ಹಂತ 9: ಈಟಿ ಬೇಡ ಅನ್ನುವವರಿಗೆ

ಇವರನ್ನು ಕಳೆದುಕೊಳ್ಳಬೇಡಿ. ಒಬ್ಬರಿಗೆ ಕ್ಯಾಮೆರಾ ಕೊಡಿ. ಒಬ್ಬರಿಗೆ ಮೀನು ಎಣಿಸುವ ಸ್ಲೇಟ್ ಕೊಡಿ, ಪ್ರತಿ ತಿಂಗಳು ಅದೇ ದಿಬ್ಬದಲ್ಲಿ ಎಣಿಸಿದರೆ ಮರುವರ್ಷ ಎಲ್ಲಿ ಹಿಡಿಯಬಾರದು ಅನ್ನುವುದು ಅವರ ಪುಸ್ತಕದಿಂದಲೇ ಗೊತ್ತಾಗುತ್ತದೆ. ಲಿಮು ಗುರುತಿಸುವುದನ್ನು ಸ್ಥಳೀಯ ಹಿರಿಯ ಹೆಂಗಸರಿಂದ ಕಲಿಯಲು ಕಳಿಸಿ. ಕತ್ತರಿಯಿಂದ ಮೇಲಷ್ಟೇ ಕತ್ತರಿಸಿ ಬೇರು ಉಳಿಸುತ್ತಾರೆ ಅವರು.

ದೂರ ಹೋಗುವ ಆಸೆ ಇರುವವರಿಗೆ ಸಾಂಪ್ರದಾಯಿಕ ಜೋಡಿ ದೋಣಿಗಳಿವೆ. 1976ರಲ್ಲಿ ಹೋಕುಲೆಅ ದೋಣಿ ಯಾವ ಉಪಕರಣವೂ ಇಲ್ಲದೆ ನಕ್ಷತ್ರ, ಅಲೆ ನೋಡಿಕೊಂಡು ಟಹೀಟಿ ಮುಟ್ಟಿತು. 2018ರಲ್ಲಿ ಅದರ ಸೋದರಿ ದೋಣಿ ಹಿಕಿಅನಾಲಿಯಾ ಹವಾಯಿಯಿಂದ ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಕ್ಯಾಪ್ಟನ್ ಆಗಿ ದಾರಿ ತೋರಿಸಿದವರು ಲೆಹುವಾ ಕಮಾಲು ಅನ್ನುವ ಹೆಂಗಸು.

ಹಂತ 10: ಎರಡನೇ ವರ್ಷ

ಮೊದಲ ನಾಲ್ವರಲ್ಲಿ ಒಬ್ಬಳಿಗೆ ಬಾವುಟದ ಜವಾಬ್ದಾರಿ, ಒಬ್ಬಳಿಗೆ ಹವಾಮಾನ ನೋಡುವ ಕೆಲಸ, ಒಬ್ಬಳಿಗೆ ಕಾನೂನು. ಹೋಗುವುದೋ ಬೇಡವೋ ಅನ್ನುವುದನ್ನು ಅವರೇ ಹೇಳಲಿ. ನಾಲ್ವರಲ್ಲಿ ಯಾರಾದರೂ ಒಬ್ಬಳು ಬೇಡ ಅಂದರೆ ಆ ದಿನ ಬೇಡ, ಕಾರಣ ಕೇಳುವಂತಿಲ್ಲ. ಆಮೇಲೆ ಪ್ರತಿಯೊಬ್ಬಳೂ ಒಬ್ಬೊಬ್ಬ ಹೊಸಬಳನ್ನು ತರಲಿ. ನೀವು ಮೇಲೆ ತೇಲುತ್ತಾ ಕಾವಲು ಇರಿ.

ಹೊಸಬರಿಗೆ ಸಾಮಾನು ಕೊಳ್ಳಿಸಬೇಡಿ. ಗುಂಪಿನ ಒಂದು ಪೆಟ್ಟಿಗೆ ಇರಲಿ, ಎರಡು ಮಾಸ್ಕ್, ಬೇರೆ ಬೇರೆ ಅಳತೆಯ ಫಿನ್ಸ್, ಒಂದು ತ್ರೀ-ಪ್ರಾಂಗ್. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಈಟಿಯ ರಬ್ಬರನ್ನು ಎಳೆದು ನೋಡಿ, ಸಣ್ಣ ಬಿರುಕು ಕಂಡರೂ ಬದಲಿಸಿ. ಮುಳ್ಳುಗಳನ್ನು ಅರದಿಂದ ಚೂಪು ಮಾಡಿ, ಮುಚ್ಚಳ ಹಾಕಿ, ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಇಡಿ.